ಬಣ್ಣದ ಬೆನ್ನು ಹತ್ತಿದ ಡಾಕ್ಟರ್: ಪಾಲ್ ಎರ್ಲಿಕ್

ಜ್ವರ ಬಂದ್ರೆ ಡಾಕ್ಟರ್ ಮೊದಲು ಬರೆಯೋದು ರಕ್ತದ ಟೆಸ್ಟ್. ರಿಪೋರ್ಟ್ ಬಂದ ಕೂಡಲೇ ಹಾಸ್ಟೆಲ್‌ನಲ್ಲಿರೋ ನಾವೆಲ್ಲ ಪ್ಲೇಟ್‌ಲೆಟ್ ಎಷ್ಟಿದೆ ಅಂತ ಮಾತ್ರ ನೋಡ್ತೀವಿ. ಅದೇ ಹಾಳೆಯಲ್ಲಿ ನ್ಯೂಟ್ರೋಫಿಲ್, ಇಯೋಸಿನೋಫಿಲ್, ಲಿಂಫೋಸೈಟ್ ಅಂತ ಹೆಸರುಗಳು, ಪಕ್ಕದಲ್ಲಿ ಶೇಕಡಾ ಲೆಕ್ಕ ಇರುತ್ತೆ. ಬಿಳಿ ರಕ್ತಕಣಗಳನ್ನು ಹೀಗೆ ವಿಂಗಡಿಸೋ ದಾರಿ ತೋರಿಸಿದವರು ಪಾಲ್ ಎರ್ಲಿಕ್. ಅದಕ್ಕೆ ಅವರು ಬಳಸಿದ್ದು ಬಟ್ಟೆಗೆ ಹಾಕೋ ಬಣ್ಣ!

ಎರ್ಲಿಕ್ ಹುಟ್ಟಿದ್ದು 1854ರ ಮಾರ್ಚ್ 14ರಂದು, ಆಗಿನ ಪ್ರಷ್ಯಾದ ಸ್ಟ್ರೆಹ್ಲೆನ್ ಊರಿನ ಯಹೂದಿ ಕುಟುಂಬದಲ್ಲಿ. ಆ ಊರು ಈಗ ಪೋಲೆಂಡ್‌ನಲ್ಲಿದೆ. ಕಲ್ಲಿದ್ದಲಿನ ಟಾರ್‌ನಿಂದ ಹೊಸ ಹೊಸ ಬಣ್ಣ ತಯಾರಿಸೋ ಉದ್ಯಮ ಜರ್ಮನಿಯಲ್ಲಿ ಜೋರಾಗಿ ಬೆಳೀತಿದ್ದ ಕಾಲ ಅದು. ತಾಯಿಯ ಕಡೆಯ ನೆಂಟರಾದ ಕಾರ್ಲ್ ವೈಗರ್ಟ್ ಇದೇ ಬಣ್ಣಗಳನ್ನು ಮೈಕ್ರೋಸ್ಕೋಪ್ ಕೆಲಸಕ್ಕೆ ಬಳಸುತ್ತಿದ್ದರು. ಆ ಹುಚ್ಚು ಎರ್ಲಿಕ್‌ಗೂ ಹಿಡಿಯಿತು. ಸೇರಿದ್ದು ಮೆಡಿಕಲ್, ಮನಸ್ಸೆಲ್ಲ ಕೆಮಿಸ್ಟ್ರಿ ಮೇಲೆ. 1878ರಲ್ಲಿ ಲೈಪ್‌ಜಿಗ್‌ನಲ್ಲಿ ಡಾಕ್ಟರೇಟ್ ಪಡೆದ ಪ್ರಬಂಧವೂ ಬಣ್ಣಗಳ ಬಗ್ಗೆಯೇ. ಒಂದು ಬಣ್ಣ ಜೀವಕೋಶದ ಒಂದು ಭಾಗಕ್ಕೆ ಅಂಟುತ್ತೆ, ಪಕ್ಕದ ಭಾಗವನ್ನು ಮುಟ್ಟೋದೇ ಇಲ್ಲ, ಯಾಕೆ? ಈ ಒಂದು ಪ್ರಶ್ನೆ ಅವರನ್ನು ಜೀವನಪೂರ್ತಿ ಬಿಡಲಿಲ್ಲ.

ಬರ್ಲಿನ್‌ನ ಶಾರಿಟೆ ಆಸ್ಪತ್ರೆ ಸೇರಿದ ಮೇಲೆ ಅವರು ರಕ್ತದ ಹನಿಯನ್ನು ಗಾಜಿನ ಮೇಲೆ ತೆಳ್ಳಗೆ ಸವರಿ, ಒಣಗಿಸಿ, ಬಿಸಿ ಮಾಡಿ, ಬಣ್ಣ ಹಾಕಿ ನೋಡಿದರು. ಇಯೋಸಿನ್ ಎಂಬ ಆಮ್ಲೀಯ ಬಣ್ಣ ಹಿಡಿದ ಕಣ ಇಯೋಸಿನೋಫಿಲ್ ಆಯ್ತು, ತಟಸ್ಥ ಬಣ್ಣ ಹಿಡಿದದ್ದು ನ್ಯೂಟ್ರೋಫಿಲ್, ಕ್ಷಾರೀಯ ಬಣ್ಣ ಹಿಡಿದದ್ದು ಬೇಸೋಫಿಲ್. ನಾವು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ ಈ ಹೆಸರುಗಳ ಅರ್ಥ ಇಷ್ಟೇ: ಯಾವ ಕಣಕ್ಕೆ ಯಾವ ಬಣ್ಣ ಇಷ್ಟ ಅಂತ.

1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾ ಕಂಡುಹಿಡಿದಾಗ, ಅದಕ್ಕೆ ಬಣ್ಣ ಹಾಕೋ ವಿಧಾನವನ್ನು ಎರ್ಲಿಕ್ ಸುಧಾರಿಸಿದರು. ಆಮೇಲೆ ಅವರಿಗೇ ಕ್ಷಯ ತಗುಲಿತು. ಈಜಿಪ್ಟ್‌ಗೆ ಹೋಗಿ ಚೇತರಿಸಿಕೊಂಡು ವಾಪಸ್ ಬಂದರು.

ಮುಂದಿನ ಕೆಲಸ ಡಿಫ್ತೀರಿಯಾ, ಅಂದ್ರೆ ಗಂಟಲಮಾರಿಯದ್ದು. ಎಮಿಲ್ ಬೆಹ್ರಿಂಗ್ ಅದಕ್ಕೆ ಸೀರಮ್ ಚಿಕಿತ್ಸೆ ಕಂಡುಕೊಂಡಿದ್ದರು. ಆದರೆ ಒಂದು ಬಾಟಲಿಯ ಸೀರಮ್ ಕೆಲಸ ಮಾಡಿದ್ರೆ ಇನ್ನೊಂದು ಮಾಡ್ತಿರಲಿಲ್ಲ. ಸೀರಮ್‌ನ ಶಕ್ತಿಯನ್ನು ಯೂನಿಟ್‌ಗಳಲ್ಲಿ ಅಳೆಯೋ ಪಕ್ಕಾ ವಿಧಾನ ಕೊಟ್ಟವರು ಎರ್ಲಿಕ್. ಸ್ಟ್ಯಾಂಡರ್ಡೈಸೇಶನ್ ಅಂದ್ರೆ ಬೋರಿಂಗ್ ಅಂತ ಆಕಳಿಸೋ ನಾವು ಇದನ್ನು ನೆನಪಿಡಬೇಕು, ಇಲ್ಲಿ ಅಳತೆ ತಪ್ಪಿದ್ರೆ ಮಗುವಿನ ಜೀವ ಹೋಗ್ತಿತ್ತು. ಹಣದ ವಿಷಯಕ್ಕೆ ಬೆಹ್ರಿಂಗ್ ಜೊತೆಗಿನ ಸ್ನೇಹ ಮಾತ್ರ ಹಳಸಿತು. 1901ರ ನೊಬೆಲ್ ಬೆಹ್ರಿಂಗ್ ಒಬ್ಬರಿಗೇ ಹೋಯ್ತು.

1897ರಲ್ಲಿ ಎರ್ಲಿಕ್ ತಮ್ಮ ಹಳೇ ಪ್ರಶ್ನೆಯನ್ನು ರೋಗನಿರೋಧಕ ಶಕ್ತಿಗೂ ತಂದರು. ಜೀವಕೋಶದ ಮೈಮೇಲೆ ಕೊಂಡಿಗಳಿವೆ, ಬೀಗಕ್ಕೆ ಕೀಲಿ ಕೂತ ಹಾಗೆ ವಿಷ ಅಲ್ಲಿ ಕೂರುತ್ತೆ, ಆಗ ಕೋಶ ಅಂಥ ಕೊಂಡಿಗಳನ್ನು ಬೇಕಾದ್ದಕ್ಕಿಂತ ಜಾಸ್ತಿ ತಯಾರಿಸಿ ರಕ್ತಕ್ಕೆ ಬಿಡುತ್ತೆ, ಅವೇ ಆಂಟಿಬಾಡಿಗಳು ಅಂದರು. 1908ರಲ್ಲಿ ಮೆಚ್ನಿಕಾಫ್ ಜೊತೆ ಅವರಿಗೂ ನೊಬೆಲ್ ಬಂತು.

ಎಲ್ಲವೂ ಸರಿಯಿತ್ತು ಅಂತಲ್ಲ. ಒಂದೇ ಕೋಶದ ಮೇಲೆ ಹಲವು ಬಗೆಯ ಕೊಂಡಿಗಳಿವೆ ಅಂತ ಅವರು ಭಾವಿಸಿದ್ದರು. ನಿಜದಲ್ಲಿ ಆಂಟಿಬಾಡಿ ತಯಾರಿಸೋದು ಬಿ ಲಿಂಫೋಸೈಟ್‌ಗಳಿಂದ ಬೆಳೆದ ಪ್ಲಾಸ್ಮಾ ಕೋಶಗಳು, ಒಂದೊಂದು ಕೋಶದ್ದೂ ಒಂದೊಂದೇ ಬಗೆ. ಪ್ಲಾಸ್ಮಾ ಕೋಶಗಳ ಪಾತ್ರವನ್ನು ಸ್ವೀಡನ್‌ನ ಆಸ್ಟ್ರಿಡ್ ಫಾಗ್ರಿಯಸ್ ತೋರಿಸಿದ್ದು 1948ರಲ್ಲಿ. ಲಿಂಫೋಸೈಟ್‌ಗಳನ್ನು ಎರ್ಲಿಕ್ ತಮ್ಮ ಸ್ಲೈಡ್‌ಗಳಲ್ಲಿ ಎಷ್ಟು ಸಲ ನೋಡಿದ್ದರೋ! ಉತ್ತರ ಕಣ್ಣೆದುರಿಗೇ ಇತ್ತು.

ಬಣ್ಣ ಒಂದೇ ಕಡೆ ಅಂಟೋದಾದ್ರೆ, ರೋಗಾಣುವಿಗೆ ಮಾತ್ರ ಅಂಟೋ ಔಷಧಿಯೂ ಸಾಧ್ಯ ಅಲ್ವಾ? ಫ್ರಾಂಕ್‌ಫರ್ಟ್‌ನಲ್ಲಿ ಅವರ ತಂಡ ನೂರಾರು ರಾಸಾಯನಿಕಗಳನ್ನು ಪರೀಕ್ಷಿಸಿತು. ಅದರಲ್ಲಿ 606ನೇ ಸಂಯುಕ್ತ ಸಿಫಿಲಿಸ್ ಮೇಲೆ ಕೆಲಸ ಮಾಡುತ್ತೆ ಅಂತ 1909ರಲ್ಲಿ ಜಪಾನಿನ ಸಹಾಚಿರೊ ಹಾಟಾ ಕಂಡುಕೊಂಡರು. 1910ರಲ್ಲಿ ಅದು ಸಾಲ್ವರ್ಸನ್ ಹೆಸರಲ್ಲಿ ಮಾರುಕಟ್ಟೆಗೆ ಬಂತು.

1915ರ ಆಗಸ್ಟ್ 20ರಂದು ಎರ್ಲಿಕ್ ತೀರಿಕೊಂಡರು. ಯಹೂದಿ ಅನ್ನೋ ಒಂದೇ ಕಾರಣಕ್ಕೆ ನಾಜಿಗಳು ಫ್ರಾಂಕ್‌ಫರ್ಟ್‌ನ ರಸ್ತೆಯಿಂದ ಅವರ ಹೆಸರು ಕಿತ್ತುಹಾಕಿದರು. ಮುಂದೆ ಅದೇ ಜರ್ಮನಿ ತನ್ನ 200 ಮಾರ್ಕ್ ನೋಟಿನ ಮೇಲೆ ಅವರ ಚಿತ್ರ ಹಾಕಿತು.

ಬ್ರಾಂಚ್ ಯಾವುದು, ಸಿಲಬಸ್‌ನಲ್ಲಿದೆಯಾ ಅಂತ ಕೇಳಿಯೇ ಪುಸ್ತಕ ತೆರೆಯೋರು ನಾವು. ಎರ್ಲಿಕ್ ಹಿಡಿದ ಪ್ರಶ್ನೆ ಯಾವ ಬ್ರಾಂಚಿನದೂ ಆಗಿರಲಿಲ್ಲ.