ಒಂದೇ ಕೈಯ ವಿಜ್ಞಾನಿ: ಜೇಮ್ಸ್ ಸಮ್ನರ್



ನಾವು ತಿಂದ ಬೇಳೆ, ಮೊಟ್ಟೆ ಹೊಟ್ಟೆಯಲ್ಲಿ ಹೇಗೆ ಕರಗುತ್ತೆ ಗೊತ್ತೇನು? ನಮ್ಮ ಜಠರದಲ್ಲಿ ಪೆಪ್ಸಿನ್ ಅನ್ನೋ ಕಿಣ್ವ ಇದೆ. ಅದು ಕತ್ತರಿಯ ಹಾಗೆ ಪ್ರೋಟೀನನ್ನು ತುಂಡು ಮಾಡುತ್ತದೆ. ಆದರೆ ಈ ಕಿಣ್ವಗಳು ಯಾವ ವಸ್ತುವಿನಿಂದ ಆಗಿವೆ ಅಂತ 1920ರ ಸುಮಾರಿಗೂ ಯಾರಿಗೂ ಖಚಿತವಿರಲಿಲ್ಲ. ಅದನ್ನು ಮೊದಲು ತೋರಿಸಿಕೊಟ್ಟವರೇ ಜೇಮ್ಸ್ ಸಮ್ನರ್.

ಇವರು ಹುಟ್ಟಿದ್ದು 1887ರ ನವೆಂಬರ್ 19ರಂದು, ಅಮೆರಿಕದ ಕ್ಯಾಂಟನ್ ಎಂಬ ಊರಿನಲ್ಲಿ. ಬೇಟೆ ಅಂದರೆ ಬಲು ಇಷ್ಟ. 17ನೇ ವಯಸ್ಸಿನಲ್ಲಿ ಬೇಟೆಗೆ ಹೋದಾಗ ಜೊತೆಗಾರನ ಬಂದೂಕಿನ ಗುಂಡು ಆಕಸ್ಮಿಕವಾಗಿ ತಗುಲಿತು. ಎಡಗೈಯನ್ನು ಮೊಣಕೈ ಕೆಳಗೆ ಕತ್ತರಿಸಬೇಕಾಯಿತು. ಅಯ್ಯೋ, ಅವರು ಎಡಚರು! ಆದರೂ ಧೈರ್ಯಗೆಡಲಿಲ್ಲ. ಬಲಗೈಯಲ್ಲೇ ಬರೆಯಲು ಕಲಿತರು, ಟೆನಿಸ್ ಕೂಡ ಆಡಿದರು.

ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕ ಒಟ್ಟೋ ಫೋಲಿನ್ ಅವರು, ಒಂದು ಕೈಯಲ್ಲಿ ರಸಾಯನಶಾಸ್ತ್ರ ಸಾಧ್ಯವಿಲ್ಲ, ಕಾನೂನು ಓದು ಎಂದು ಬುದ್ಧಿ ಹೇಳಿದರು. ಸಮ್ನರ್ ಕೇಳಲಿಲ್ಲ. 1914ರಲ್ಲಿ ಅದೇ ಗುರುಗಳ ಕೈಕೆಳಗೆ ಪಿಎಚ್.ಡಿ. ಮುಗಿಸಿ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು.

1917ರಲ್ಲಿ ಜಾಕ್ ಬೀನ್ ಎಂಬ ಅವರೆ ಜಾತಿಯ ಕಾಳಿನಿಂದ ಯೂರಿಯೇಸ್ ಕಿಣ್ವವನ್ನು ಶುದ್ಧವಾಗಿ ತೆಗೆಯಲು ಹೊರಟರು. ವರ್ಷಗಟ್ಟಲೆ ಸೋತರು. 9 ವರ್ಷ ಬಿಡದೆ ದುಡಿದ ಮೇಲೆ, 1926ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಪುಟ್ಟ ಹರಳುಗಳು ಕಂಡವು. ಪರೀಕ್ಷಿಸಿದರೆ ಅದು ಪ್ರೋಟೀನ್!

ಆದರೆ ಜರ್ಮನಿಯ ದೊಡ್ಡ ವಿಜ್ಞಾನಿ ವಿಲ್‌ಸ್ಟೆಟರ್ ಮತ್ತು ಅವರ ಕಡೆಯವರು ಇದನ್ನು ನಂಬಲೇ ಇಲ್ಲ. ಸಮ್ನರ್ ಸುಮ್ಮನಾಗದೆ ಪುರಾವೆ ಕೂಡಿಸುತ್ತಾ ಹೋದರು. 1930ರಲ್ಲಿ ಜಾನ್ ನಾರ್ಥ್ರಾಪ್ ಅವರು ಪೆಪ್ಸಿನ್ನಿನ ಹರಳನ್ನೂ ತೆಗೆದರು. ಅದೂ ಪ್ರೋಟೀನೇ! ಪ್ರೋಟೀನನ್ನು ಕತ್ತರಿಸುವ ಕತ್ತರಿಯೇ ಪ್ರೋಟೀನ್, ಎಂಥ ಸೋಜಿಗ! 1946ರಲ್ಲಿ ಸಮ್ನರ್, ನಾರ್ಥ್ರಾಪ್, ಸ್ಟಾನ್ಲಿ ಮೂವರಿಗೂ ನೊಬೆಲ್ ಬಂತು. 1955ರ ಆಗಸ್ಟ್ 12ರಂದು ಸಮ್ನರ್ ತೀರಿಕೊಂಡರು.

ಪ್ರೋಟೀನು ತಯಾರಾಗುವುದು ಜೀನುಗಳ ಅಪ್ಪಣೆಯಂತೆ. ಜೀನಿನಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಕಿಣ್ವದ ಕೆಲಸ ಬದಲಾಗಬಹುದು. ಪೆಪ್ಸಿನ್ ಜೀನಿನ ಪ್ರತಿಗಳ ಸಂಖ್ಯೆ ಕೂಡ ಎಲ್ಲ ಮನುಷ್ಯರಲ್ಲಿ ಒಂದೇ ಸಮ ಇಲ್ಲವಂತೆ. ಕಿಣ್ವ ಪ್ರೋಟೀನು ಅಂತ ಗೊತ್ತಾಗಿದ್ದರಿಂದಲೇ ಇದೆಲ್ಲ ನಮಗೆ ಅರ್ಥವಾಯಿತು.

ಗೆಳೆಯರೇ, ಒಂದು ಲೆಕ್ಕ ತಪ್ಪಿದರೆ ನಾವು ಪುಸ್ತಕ ಮುಚ್ಚಿಬಿಡುತ್ತೇವೆ. ಇನ್ನು ಮೇಲೆ ಹಾಗೆ ಮಾಡುವ ಮುಂಚೆ, ಆ 9 ವರ್ಷವನ್ನೂ ಆ ಒಂದು ಕೈಯನ್ನೂ ನೆನೆಯೋಣ.