ತಂತಿ ಬದಲಿಸದ ಜೇಮರ್ಸನ್

ನಮ್ಮ ಕಾಲೇಜು ಬ್ಯಾಂಡ್‌ನಲ್ಲಿ ನಾನು ಬೇಸ್ ಗಿಟಾರ್ ನುಡಿಸ್ತೀನಿ. ಫೆಸ್ಟ್‌ನಲ್ಲಿ ನಮ್ಮ ಪ್ರೋಗ್ರಾಂ ಮುಗಿದ ಮೇಲೆ ಎಲ್ಲರೂ ಹಾಡಿದವರ ಜೊತೆ ಸೆಲ್ಫಿ ತಗೋತಾರೆ, ಡ್ರಮ್ಮರ್ ಬೆನ್ನು ತಟ್ಟುತ್ತಾರೆ. ನನ್ನ ಹತ್ತಿರ ಬಂದವರು ಕೇಳೋದು ಒಂದೇ, ನಿನ್ನ ಗಿಟಾರ್‌ಗೆ ಯಾಕೆ ನಾಲ್ಕೇ ತಂತಿ ಅಂತ. ಮೊದಮೊದಲು ಬೇಜಾರಾಗ್ತಿತ್ತು. ಆಮೇಲೆ ಜೇಮ್ಸ್ ಜೇಮರ್ಸನ್ ಬಗ್ಗೆ ಓದಿದೆ. ಆತನ ಕಥೆಯ ಮುಂದೆ ನನ್ನ ಬೇಜಾರು ಏನೂ ಅಲ್ಲ ಅನ್ನಿಸಿತು.

ಬೇಸ್ ನುಡಿಸುವವರಿಗೆ ಈ ಹೆಸರು ದೇವರ ಹೆಸರಿದ್ದ ಹಾಗೆ. ಉಳಿದವರಿಗೆ ಹೆಸರು ಗೊತ್ತಿಲ್ಲದಿದ್ರೂ ಆತ ನುಡಿಸಿದ್ದು ಎಲ್ಲೋ ಒಂದು ಕಡೆ ಕಿವಿಗೆ ಬಿದ್ದಿರುತ್ತೆ. ಟೆಂಪ್ಟೇಶನ್ಸ್ ತಂಡದ 'ಮೈ ಗರ್ಲ್' ಹಾಡು ಹಾಕಿ ನೋಡಿ. ಫೋನ್ ಸ್ಪೀಕರ್‌ನಲ್ಲಿ ಬೇಡ, ಇಯರ್‌ಫೋನ್ ಹಾಕ್ಕೊಳ್ಳಿ. ಬೇಸ್‌ನ ದಪ್ಪ ತಂತಿ 41 ಹರ್ಟ್ಜ್‌ನಲ್ಲಿ ಕಂಪಿಸುತ್ತೆ, ಆ ಪುಟ್ಟ ಸ್ಪೀಕರ್‌ಗೆ ಅದನ್ನ ಹೊರಡಿಸೋ ತಾಕತ್ತಿಲ್ಲ. ಹಾಡಿನಲ್ಲಿ ಮೊಟ್ಟಮೊದಲು ಎದೆಬಡಿತದ ಹಾಗೆ ಕೇಳಿಸೋದು ಗಿಟಾರೂ ಅಲ್ಲ, ದನಿಯೂ ಅಲ್ಲ. ಅದು ಜೇಮರ್ಸನ್.

ಹುಟ್ಟಿದ್ದು 1936ರ ಜನವರಿ 29ರಂದು, ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಕಡಲ ಅಂಚಿನ ಎಡಿಸ್ಟೋ ದ್ವೀಪದಲ್ಲಿ. ಬಡ ಕಪ್ಪು ಕುಟುಂಬ. ಚಿಕ್ಕವನಿದ್ದಾಗ ಒಂದು ಉದ್ದ ಕೋಲಿಗೆ ರಬ್ಬರ್ ಎಳೆ ಕಟ್ಟಿ, ಕೋಲನ್ನ ಇರುವೆ ಗೂಡಿನ ಮಣ್ಣಿಗೆ ಚುಚ್ಚಿ, ಆ ಎಳೆ ಮೀಟಿ ಇರುವೆಗಳನ್ನ ಕುಣಿಸ್ತಿದ್ದನಂತೆ. ನಿಜಾನೋ ಉತ್ಪ್ರೇಕ್ಷೆನೋ, ಒಂದೇ ತಂತಿಯ ಬೇಸ್ ಅನ್ನೋದರಲ್ಲಿ ಅನುಮಾನ ಇಲ್ಲ.

1954ರಲ್ಲಿ ತಾಯಿಯ ಜೊತೆ ಡೆಟ್ರಾಯ್ಟ್‌ಗೆ ಬಂದ. ಕಾರು ತಯಾರಾಗೋ ಊರು. ಅಲ್ಲಿನ ಹೈಸ್ಕೂಲಿನಲ್ಲಿ ಡಬಲ್ ಬೇಸ್ ಕಲಿತ, ಅಂದ್ರೆ ಆಳಿಗಿಂತ ಎತ್ತರದ, ನಿಂತು ನುಡಿಸೋ ಮರದ ವಾದ್ಯ. ರಾತ್ರಿ ಜಾಝ್ ಕ್ಲಬ್‌ಗಳಲ್ಲಿ ನುಡಿಸಿ ದುಡೀತಿದ್ದ. ಆ ದೊಡ್ಡ ತಂತಿಗಳನ್ನ ಎಳೆದೂ ಎಳೆದೂ ಬಲಗೈ ತೋರುಬೆರಳು ಕೊಕ್ಕೆಯ ಹಾಗೆ ಗಟ್ಟಿಯಾಯ್ತು. ಮುಂದೆ ಎಲೆಕ್ಟ್ರಿಕ್ ಬೇಸ್ ಹಿಡಿದ ಮೇಲೂ ಅದೊಂದೇ ಬೆರಳು. ನಾವೆಲ್ಲ ಎರಡು ಬೆರಳು ಅದಲುಬದಲು ಮಾಡಿ ನುಡಿಸ್ತೀವಿ, ಆದ್ರೂ ಆತನ ವೇಗ ಬರಲ್ಲ. ಸಂಗೀತಗಾರರು ಆ ಬೆರಳಿಗೇ 'ದಿ ಹುಕ್' ಅಂತ ಹೆಸರಿಟ್ಟಿದ್ರು.

ಅದೇ ಊರಲ್ಲಿ ಬೆರ್ರಿ ಗೋರ್ಡಿ ಅನ್ನೋನು ಇದ್ದ. ಕಾರು ಫ್ಯಾಕ್ಟರಿಯ ಅಸೆಂಬ್ಲಿ ಲೈನಿನಲ್ಲಿ ಕೆಲಸ ಮಾಡಿದ್ದವನು. 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ತಗೊಂಡು ರೆಕಾರ್ಡ್ ಕಂಪನಿ ಶುರು ಮಾಡಿದ. ಅದೇ ಮುಂದೆ ಮೋಟೌನ್ ಆಯ್ತು. ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ರಸ್ತೆಯ ಒಂದು ಮನೆ ಕೊಂಡು, ಅದರ ಗ್ಯಾರೇಜನ್ನ ಸ್ಟುಡಿಯೋ ಮಾಡಿದ. ಮೇಲಿಂದ ಕೇಬಲ್‌ಗಳು ಇಳಿಬಿದ್ದಿರ್ತಿದ್ದರಿಂದ ವಾದ್ಯದವರು ಅದನ್ನ ಹಾವಿನ ಗುಂಡಿ ಅಂತ ಕರೀತಿದ್ರು. ಹಾಡು ಬರೆಯೋರು, ನುಡಿಸೋರು, ಹಾಡೋರು, ಎಲ್ಲ ಬೇರೆಬೇರೆ. ಕಾರಿನ ಭಾಗಗಳ ಹಾಗೆ ಹಾಡು ಒಬ್ಬರಿಂದ ಒಬ್ಬರಿಗೆ ಸಾಗ್ತಿತ್ತು. ಗಾಯಕರು ಬದಲಾಗ್ತಿದ್ರು, ಹಿಂದೆ ನುಡಿಸೋ ಗುಂಪು ಮಾತ್ರ ಹೆಚ್ಚುಕಡಿಮೆ ಅದೇ. ತಮ್ಮನ್ನ ತಾವೇ ಫಂಕ್ ಬ್ರದರ್ಸ್ ಅಂದ್ಕೊಂಡಿದ್ರು. ಜೇಮರ್ಸನ್ 1959ರಿಂದಲೇ ಆ ಗುಂಪಿನಲ್ಲಿದ್ದ.

ಈಗ ವಾದ್ಯದ ವಿಷಯಕ್ಕೆ ಬರ್ತೀನಿ. ಸ್ವಲ್ಪ ಉದ್ದ ಆಗುತ್ತೆ, ನಾವು ಇಂಜಿನಿಯರಿಂಗ್ ಹುಡುಗರು ತಾನೇ, ಸಹಿಸ್ಕೊಳ್ಳಿ.

ಎಲೆಕ್ಟ್ರಿಕ್ ಬೇಸನ್ನ ಜನಪ್ರಿಯ ಮಾಡಿದ್ದು ಲಿಯೋ ಫೆಂಡರ್, ಕ್ಯಾಲಿಫೋರ್ನಿಯಾದ ಒಬ್ಬ ರೇಡಿಯೋ ರಿಪೇರಿಯವನು. ಓದಿದ್ದು ಅಕೌಂಟೆನ್ಸಿ. ಗಿಟಾರ್ ನುಡಿಸೋಕೇ ಬರ್ತಿರಲಿಲ್ಲ! 1951ರಲ್ಲಿ ಆತ ತಂದ ಪ್ರೆಸಿಶನ್ ಬೇಸ್‌ಗೆ ಆ ಹೆಸರು ಬಂದಿದ್ದು ಅದರ ಕತ್ತಿನ ಮೇಲಿನ ಲೋಹದ ಪಟ್ಟಿಗಳಿಂದ. ಡಬಲ್ ಬೇಸ್‌ನಲ್ಲಿ ಬೆರಳು ಸ್ವಲ್ಪ ಆಚೀಚೆ ಆದ್ರೆ ಶ್ರುತಿ ತಪ್ಪುತ್ತೆ, ಇದರಲ್ಲಿ ಪಟ್ಟಿಯ ಹಿಂದೆ ಒತ್ತಿದ್ರೆ ಸ್ವರ ನಿಖರ. 1957ರಲ್ಲಿ ಅದರ ಪಿಕಪ್ಪನ್ನ ಎರಡು ತುಂಡು ಮಾಡಿದ್ರು. ಎರಡು ಕಾಯಿಲ್‌ಗಳ ಸುತ್ತು ಒಂದಕ್ಕೊಂದು ಉಲ್ಟಾ, ಮ್ಯಾಗ್ನೆಟ್‌ಗಳೂ ಉಲ್ಟಾ. ಹಾಗಾಗಿ ಕರೆಂಟಿನ ಗುಂಯ್ ಸದ್ದು ಒಂದರಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್ ಆಗಿ ಸತ್ತುಹೋಗುತ್ತೆ. ತಂತಿಯ ಸದ್ದು ಮಾತ್ರ ಉಳಿಯುತ್ತೆ. ನಾನು ಇದನ್ನ ತಿಳ್ಕೊಂಡ ದಿನ ನನ್ನ ಚೀಪ್ ಬೇಸ್‌ನ ಸ್ಕ್ರೂ ಬಿಚ್ಚಿ ಒಳಗೆ ನೋಡಿದ್ದೆ.

ಜೇಮರ್ಸನ್‌ನ ಮೊದಲ ಎಲೆಕ್ಟ್ರಿಕ್ ಬೇಸ್ ಹೊಸದಲ್ಲ. ಇನ್ನೊಬ್ಬ ಬೇಸ್ ವಾದಕನ ಕೈಯಿಂದ ಬಂದ, ಕಪ್ಪು ಬಣ್ಣ ಬಳಿದ 1957ರ ಪ್ರೆಸಿಶನ್. ಅದು ಕಳುವಾಯ್ತು. ಆಮೇಲೆ ಬಂದಿದ್ದೇ 1962ರ ಸನ್‌ಬರ್ಸ್ಟ್ ಬಣ್ಣದ, ಆಮೆಚಿಪ್ಪಿನ ಥರ ಪಿಕ್‌ಗಾರ್ಡ್ ಇರೋ ಪ್ರೆಸಿಶನ್. ಅದಕ್ಕೆ 'ಫಂಕ್ ಮಶೀನ್' ಅಂತ ಹೆಸರು. ಕತ್ತಿನ ಬುಡದಲ್ಲಿ ಫಂಕ್ ಅಂತ ಕೊರೆದು ನೀಲಿ ಇಂಕು ತುಂಬಿಸಿದ್ದ. ಬೆಂಚ್ ಮೇಲೆ ಹೆಸರು ಕೊರೆಯೋ ನಮ್ಮ ಹಾಗೇ.

ಆ ಬೇಸಿನ ಮೇಲೆ ಲಾ ಬೆಲ್ಲಾ ಕಂಪನಿಯ ದಪ್ಪನೆಯ ಫ್ಲಾಟ್‌ವೂಂಡ್ ತಂತಿಗಳು. ಮಾಮೂಲಿ ತಂತಿಗೆ ದುಂಡು ವೈರ್ ಸುತ್ತಿರ್ತಾರೆ, ಇದಕ್ಕೆ ಚಪ್ಪಟೆ ರಿಬ್ಬನ್. ಕಿರಗುಟ್ಟೋ ಮೇಲಿನ ಹಾರ್ಮೋನಿಕ್ಸ್ ಕಡಿಮೆ. ತಂತಿ ತುಂಡಾಗೋವರೆಗೂ ಆತ ಬದಲಿಸ್ತಿರಲಿಲ್ಲ. ಬೆವರು, ಎಣ್ಣೆ, ಕೊಳೆ ಎಲ್ಲ ಅದರಲ್ಲೇ. ಕೊಳೆ ಹೋದ್ರೆ ಫಂಕೂ ಹೋಗುತ್ತೆ ಅನ್ನೋದು ಆತನ ನಂಬಿಕೆ. ಸೇತುವೆಯ ಮೇಲಿನ ಲೋಹದ ಮುಚ್ಚಳದ ಕೆಳಗೆ ಒಂದು ತುಂಡು ಫೋಮ್. ತಂತಿಗಳು ಫಿಂಗರ್‌ಬೋರ್ಡಿನಿಂದ ಎಷ್ಟು ಮೇಲಿದ್ವು ಅಂದ್ರೆ ಬೇರೆಯವರಿಗೆ ಒತ್ತೋದೇ ಕಷ್ಟ. ವಾಲ್ಯೂಮೂ ಟೋನೂ ಪೂರ್ತಿ ತೆರೆದಿಟ್ಟು ನುಡಿಸ್ತಿದ್ದ.

ಕೇಳೋಕೆ ಇದು ಸೋಮಾರಿತನದ ಹಾಗಿದೆ. ಆದ್ರೆ ಫಿಸಿಕ್ಸ್ ಲ್ಯಾಬ್‌ನ ಡ್ಯಾಂಪ್ಡ್ ಆಸಿಲೇಶನ್ ನೆನಪಿಸ್ಕೊಳ್ಳಿ. ಫೋಮ್ ಮತ್ತು ಕೊಳೆ ಕಂಪನವನ್ನ ಬೇಗ ಹೀರಿಬಿಡುತ್ತೆ. ಸ್ವರ ದಪ್ಪಗೆ ಹುಟ್ಟಿ ಥಟ್ ಅಂತ ಸಾಯುತ್ತೆ. ಒಂದು ಸ್ವರ ಬೇಗ ಸತ್ತರೆ ಮುಂದಿನದಕ್ಕೆ ಜಾಗ ಸಿಗುತ್ತೆ. ಅದಕ್ಕೇ ಆತ ಒಂದು ಅಳತೆಯೊಳಗೆ ಅಷ್ಟೊಂದು ಸ್ವರ ತುರುಕಿದ್ರೂ ಹಾಡು ಕಲಸಿ ಹೋಗಲ್ಲ. ಫೋರ್ ಟಾಪ್ಸ್‌ನ 'ಬರ್ನಾಡೆಟ್' ಕೇಳಿದ್ರೆ ಗೊತ್ತಾಗುತ್ತೆ, ಅಲ್ಲಿ ಬೇಸ್ ತಾನೇ ಒಂದು ಹಾಡು ಹಾಡ್ತಾ ಇದೆ. ಅಲ್ಲೀವರೆಗೆ ಪಾಪ್ ಹಾಡಿನಲ್ಲಿ ಬೇಸ್‌ನವರು ಎರಡು ಸ್ವರ ಹಿಡಿದು ಧಂ ಧಂ ಅಂತ ಕೂತಿರ್ತಿದ್ರು. ಜೇಮರ್ಸನ್ ಜಾಝ್‌ನ ಬುದ್ಧಿಯನ್ನ ಅಲ್ಲಿಗೆ ತಂದ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ತಾನು ಆತನಿಂದ ಕಲಿತೆ ಅಂತ ಆಮೇಲೆ ಹಲವು ಸಲ ಹೇಳಿಕೊಂಡಿದ್ದಾರೆ. ಬೀಟಲ್ಸ್ ಕೇಳ್ತಿದ್ದ ಕಾಲದಲ್ಲಿ ಮೆಕಾರ್ಟ್ನಿಗೂ ಆ ಹೆಸರು ಗೊತ್ತಿರಲಿಲ್ಲ. ರೆಕಾರ್ಡಿನ ಕವರ್ ಮೇಲೆ ಇದ್ದರೆ ತಾನೇ ಗೊತ್ತಾಗೋದು?

ಹಗಲು ಹಾವಿನ ಗುಂಡಿ. ಅಲ್ಲಿ ಬೇಸ್ ನೇರ ರೆಕಾರ್ಡಿಂಗ್ ಕನ್ಸೋಲ್‌ಗೆ, ಮಧ್ಯೆ ಆಂಪ್ ಮೈಕ್ ಏನೂ ಇಲ್ಲ. ರಾತ್ರಿ ಅದೇ ಬೇಸ್ ಹೊತ್ಕೊಂಡು ಚಿಟ್ ಚಾಟ್ ಲೌಂಜ್ ಥರದ ಕ್ಲಬ್‌ಗಳಿಗೆ, ಆಂಪೆಗ್ ಬಿ-15 ಆಂಪ್‌ನಲ್ಲಿ, ಸಿಗರೇಟಿನ ಹೊಗೆಯ ಮಧ್ಯೆ ಜಾಝ್. ಇವತ್ತು 1962ರ ಪ್ರೆಸಿಶನ್ ಬೇಸ್‌ಗೆ ಲಕ್ಷಗಟ್ಟಲೆ ರೂಪಾಯಿ. ಒಂದು ಗೀರೂ ಇಲ್ಲದ್ದು ಬೇಕು ಅಂತ ಹುಡುಕಿ ಕೊಂಡು, ಗಾಜಿನ ಪೆಟ್ಟಿಗೆಯಲ್ಲಿ ಇಡ್ತಾರೆ. ಆತನಿಗೆ ಅದು ದಿನಾ ಕೆಲಸಕ್ಕೆ ಹೊತ್ತೊಯ್ಯೋ ಹತ್ಯಾರು, ಮೆಕ್ಯಾನಿಕ್‌ಗೆ ಸ್ಪ್ಯಾನರ್ ಇದ್ದ ಹಾಗೆ.

ದುಡ್ಡೇ ಸಿಗಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಶುರುವಿನಲ್ಲಿ ಹಾಡಿಗೆ ಹತ್ತು ಡಾಲರ್, 1968ರ ಹೊತ್ತಿಗೆ ವಾರಕ್ಕೆ 1000 ಡಾಲರ್. ಸಂಸಾರ ಚೆನ್ನಾಗೇ ನಡೀತಿತ್ತು. ಆದ್ರೆ ಆತ ನುಡಿಸಿದ ಸುಮಾರು 30 ಹಾಡು ಅಮೆರಿಕದ ಪಾಪ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋದವು ಅಂತಾರೆ, ಅವುಗಳಲ್ಲಿ ಒಂದರ ಮೇಲೂ ಆತನಿಗೆ ಹಕ್ಕಿರಲಿಲ್ಲ. ಹಾಡು ಬರೆದವರದ್ದು, ಟೇಪು ಕಂಪನಿಯದ್ದು, ಚಪ್ಪಾಳೆ ಗಾಯಕರದ್ದು. ಆತನದ್ದು ಅಂತ ಇದ್ದದ್ದು ಆ ಬೇಸ್ ಒಂದೇ.

1970ರಲ್ಲಿ ಮಾರ್ವಿನ್ ಗೇ 'ವಾಟ್ಸ್ ಗೋಯಿಂಗ್ ಆನ್' ರೆಕಾರ್ಡ್ ಮಾಡುವಾಗ ಈತನೇ ಬೇಕು ಅಂತ ಹಠ ಹಿಡಿದನಂತೆ. ಒಂದು ಕ್ಲಬ್‌ನಲ್ಲಿ ಸಿಕ್ಕಿದ, ಚೆನ್ನಾಗಿ ಕುಡಿದಿದ್ದ. ಸ್ಟೂಲಿನ ಮೇಲೆ ಕೂರೋಕಾಗದೆ ಸ್ಟುಡಿಯೋ ನೆಲದ ಮೇಲೆ ಅಂಗಾತ ಮಲಗಿಯೇ ನುಡಿಸಿದ ಅನ್ನೋದು ಪ್ರಸಿದ್ಧ ಕಥೆ. ಮರುವರ್ಷ ಬಂದ ಆ ಆಲ್ಬಮ್‌ನ ಕವರ್ ಮೇಲೆ ಕೊನೆಗೂ ವಾದ್ಯದವರ ಹೆಸರು ಅಚ್ಚಾಯ್ತು, ಜೇಮರ್ಸನ್ ಹೆಸರಿನ ಹಿಂದೆ ಸಾಟಿಯಿಲ್ಲದವನು ಅನ್ನೋ ಅರ್ಥದ ವಿಶೇಷಣವೂ ಬಿತ್ತು. ಕೆಲಸಕ್ಕೆ ಸೇರಿ ಹನ್ನೆರಡು ವರ್ಷ ಆಗಿತ್ತು. ಮಲಗಿ ನುಡಿಸಿದ ಕಥೆ ಹೇಳಿ ನಾವು ನಗ್ತೀವಿ, ನಾನೂ ಮೊದಲ ಸಲ ನಕ್ಕೆ. ಮುಂದೇನಾಯ್ತು ಅಂತ ಗೊತ್ತಾದ ಮೇಲೆ ನಗು ಬರಲ್ಲ.

1972ರಲ್ಲಿ ಮೋಟೌನ್ ಡೆಟ್ರಾಯ್ಟ್ ಬಿಟ್ಟು ಲಾಸ್ ಏಂಜಲೀಸ್‌ಗೆ ಹೊರಟಿತು. ವಾದ್ಯದವರನ್ನ ಬನ್ನಿ ಅಂತ ಕರೆದವರಿಲ್ಲ. ಒಂದು ದಿನ ಕೆಲಸಕ್ಕೆ ಬಂದಾಗ ಬಾಗಿಲಿಗೆ ಚೀಟಿ ಅಂಟಿಸಿತ್ತು ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಜೇಮರ್ಸನ್ ಮರುವರ್ಷ ತಾನೇ ಅಲ್ಲಿಗೆ ಹೋದ. ಸ್ವಲ್ಪ ದಿನ ಕೆಲಸವೂ ಸಿಕ್ಕಿತು, 'ಬೂಗಿ ಫೀವರ್' ಥರದ ದೊಡ್ಡ ಹಿಟ್‌ಗಳಲ್ಲಿ ನುಡಿಸಿದ. ಆದ್ರೆ ಅಷ್ಟರಲ್ಲಿ ಕಾಲ ಬದಲಾಗಿತ್ತು. ಹೊಸ ನಿರ್ಮಾಪಕರಿಗೆ ಪಳಪಳ ಹೊಳೆಯೋ ಸದ್ದು ಬೇಕು, ಹೊಸ ದುಂಡು ತಂತಿ, ಹೆಬ್ಬೆರಳಲ್ಲಿ ಬಡಿಯೋ ಶೈಲಿ. ಈತ ಆ ಹಳೇ ಬೇಸ್, ಹಳೇ ತಂತಿ, ಆ ಒಂದೇ ಬೆರಳು ಬಿಡಲಿಲ್ಲ.

ಹಠವೇ ಆತನನ್ನ ಮುಳುಗಿಸಿತು ಅಂತ ಕೆಲವರು ಬರೀತಾರೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಮುಳುಗಿಸಿದ್ದು ಕುಡಿತ. ಕುಡಿದವನನ್ನ ಯಾವ ಸ್ಟುಡಿಯೋನೂ ನಂಬಲ್ಲ, ಅದು ನ್ಯಾಯವೇ. ಆದ್ರೆ ತಂತಿ ಬದಲಿಸು ಅಂತ ಆತನಿಗೆ ಹೇಳಿದವರು ಒಂದು ವಿಷಯ ಮರೆತಿದ್ರು. ಅವರು ಆತನನ್ನ ಕರೆದದ್ದೇ ಆ ಹಳೇ ತಂತಿಯ ಸದ್ದು ಕೇಳಿ.

1983ರ ಮಾರ್ಚ್‌ನಲ್ಲಿ ಮೋಟೌನ್‌ನ 25ನೇ ವರ್ಷದ ಕಾರ್ಯಕ್ರಮ ನಡೀತು. ಮೈಕಲ್ ಜಾಕ್ಸನ್ ಮೂನ್‌ವಾಕ್ ಮಾಡಿದ್ದು ಅಲ್ಲೇ. ಅದರ ವಿಡಿಯೋ ನಾವೆಲ್ಲ ನೋಡಿದ್ದೀವಿ. ಜೇಮರ್ಸನ್‌ಗೆ ಆಹ್ವಾನ ಇರಲಿಲ್ಲ. ಬ್ಲ್ಯಾಕ್‌ನಲ್ಲಿ ಟಿಕೆಟ್ ತಗೊಂಡು ಬಾಲ್ಕನಿಯಲ್ಲಿ ಕೂತು ನೋಡಿದ.

ಅದಾಗಿ ಕೆಲವೇ ತಿಂಗಳು. ಫಂಕ್ ಮಶೀನ್ ಕೂಡ ಕಳುವಾಯ್ತು. ಕೆಲವು ದಿನ ಕಳೆದು 1983ರ ಆಗಸ್ಟ್ 2ರಂದು ಜೇಮರ್ಸನ್ ತೀರಿಕೊಂಡ. ಲಿವರ್ ಹೋಗಿತ್ತು, ಜೊತೆಗೆ ನ್ಯುಮೋನಿಯಾ. ವಯಸ್ಸು 47. ಡೆಟ್ರಾಯ್ಟ್‌ನಲ್ಲೇ ಮಣ್ಣು ಮಾಡಿದರು.

1989ರಲ್ಲಿ ಆಲನ್ ಸ್ಲಟ್ಸ್ಕಿ ಎಂಬ ಗಿಟಾರ್ ವಾದಕ ಆತನ ಜೀವನವನ್ನೂ ನುಡಿಸಿದ ಸ್ವರಗಳನ್ನೂ ಸೇರಿಸಿ ಪುಸ್ತಕ ಮಾಡಿದ. 2002ರಲ್ಲಿ ಅದು ಸಾಕ್ಷ್ಯಚಿತ್ರ ಆಯ್ತು. ಅದಕ್ಕೂ ಮೊದಲೇ, 2000ದಲ್ಲಿ, ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಹಿನ್ನೆಲೆ ವಾದಕರಿಗೆ ಅಂತ ಹೊಸ ವಿಭಾಗ ಶುರು ಮಾಡಿ ಮೊದಲ ಗುಂಪಿನಲ್ಲೇ ಆತನನ್ನ ಸೇರಿಸಿತು.

ಆ ಬೇಸ್ ಮಾತ್ರ ಇವತ್ತಿಗೂ ಸಿಕ್ಕಿಲ್ಲ. ಎಲ್ಲೋ ಯಾರದೋ ಮನೆಯಲ್ಲಿ ಇರಬಹುದು, ಕತ್ತಿನ ಬುಡದಲ್ಲಿ ನೀಲಿ ಅಕ್ಷರ ಯಾಕಿದೆ ಅಂತ ಅವರಿಗೆ ಗೊತ್ತೇ ಇಲ್ಲದಿರಬಹುದು. ಚೆನ್ನಾಗಿ ಒರೆಸಿ, ಫೋಮ್ ಕಿತ್ತೆಸೆದು, ಹೊಸ ತಂತಿ ಹಾಕಿಸಿರ್ತಾರೆ.