ನ್ಯಾಯವಾದಿಯ ಕಾಯಕ: ರಾವಬಹದ್ದೂರ ಫ. ಗು. ಹಳಕಟ್ಟಿಯವರ ಚರಿತ್ರವು

ಕಾಯಕದಲ್ಲಿ ಮೇಲುಕೀಳೆಂಬುದಿಲ್ಲವೆಂಬುದು ಶರಣರ ಮತವು. ಆದರೂ ವಕೀಲಿಯು ಹಣದ ವೃತ್ತಿಯು, ಅದರಲ್ಲಿ ಸತ್ಯಕ್ಕೆ ಎಡೆ ಕಡಿಮೆ ಎಂಬ ಮಾತು ಜನರಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು. ಈ ಮಾತಿಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತ ಮಹನೀಯರೊಬ್ಬರ ಚರಿತ್ರವನ್ನು ಈ ಮಹೋತ್ಸವ ಸಂದರ್ಭದಲ್ಲಿ ಸದ್ಭಕ್ತರ ಮುಂದೆ ಸಂಕ್ಷೇಪವಾಗಿ ಇಡುವುದು ಉಚಿತವೆಂದು ಭಾವಿಸುವೆವು.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರೂ ಗ್ರಂಥಕರ್ತರೂ ಆಗಿದ್ದರು, ತಾಯಿ ದಾನದೇವಿಯವರು. ಶೈಶವದಲ್ಲಿಯೇ ತಾಯಿಯನ್ನು ಕಳೆದುಕೊಂಡ ಬಾಲಕನು ಅಜ್ಜಿಯ ಆರೈಕೆಯಲ್ಲಿ ಬೆಳೆದನು. ಧಾರವಾಡದ ಓದು ಮುಗಿದ ಬಳಿಕ ಮುಂಬಯಿಗೆ ತೆರಳಿ, ಸೇಂಟ್ ಝೇವಿಯರ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ 1901ರಲ್ಲಿ ಬಿ.ಎ. ಪದವಿಯನ್ನೂ 1904ರಲ್ಲಿ ಎಲ್‌ಎಲ್.ಬಿ. ಪದವಿಯನ್ನೂ ಪಡೆದರು. ಆ ಕಾಲದಲ್ಲಿ ಸಿರಿವಂತರ ಮಕ್ಕಳು ಸಮುದ್ರವನ್ನು ದಾಟಿ ಬ್ಯಾರಿಸ್ಟರರಾಗಿ ಬರುತ್ತಿದ್ದರು. ಹಳಕಟ್ಟಿಯವರಾದರೋ ಈ ನೆಲದಲ್ಲಿಯೇ ಕಾಯಿದೆಯನ್ನು ಕಲಿತರು. ಮರಾಠಿ ಗುಜರಾತಿಗಳನ್ನಾಡುವ ಜನರು ತಮ್ಮ ತಮ್ಮ ನುಡಿಗಳನ್ನು ಅಭಿಮಾನದಿಂದ ಬೆಳೆಯಿಸಿಕೊಳ್ಳುತ್ತಿದ್ದ ಆ ಮಹಾನಗರದಲ್ಲಿ, ಕನ್ನಡದ ಹೀನಸ್ಥಿತಿಯು ಇವರ ಮನಸ್ಸನ್ನು ಕಲಕಿದುದು ಸಹಜವೇ ಆಗಿತ್ತು.

ಮೊದಲು ಬೆಳಗಾವಿಯಲ್ಲಿ ವಕೀಲಿಯನ್ನು ಆರಂಭಿಸಿ, ಸ್ವಲ್ಪ ಕಾಲದಲ್ಲಿಯೇ ವಿಜಾಪುರಕ್ಕೆ, ಎಂದರೆ ಈಗಿನ ವಿಜಯಪುರಕ್ಕೆ, ಬಂದು ನೆಲಸಿದರು. ವಿಜಾಪುರವು ಆಗ ಮುಂಬಯಿ ಇಲಾಖೆಗೆ ಸೇರಿದ ಜಿಲ್ಲೆಯು. ಮೇಲಿಂದ ಮೇಲೆ ಬರಗಾಲಕ್ಕೆ ತುತ್ತಾಗುತ್ತಿದ್ದ ನಾಡು. ಮಳೆ ತಪ್ಪಿದರೆ ಸಾಲ, ಸಾಲದಿಂದ ಜಪ್ತಿ, ಜಪ್ತಿಯಿಂದ ವ್ಯಾಜ್ಯ; ಹೀಗೆ ಒಕ್ಕಲಿಗನು ಕೋರ್ಟಿನ ಮೆಟ್ಟಿಲನ್ನು ಹತ್ತುವುದು ಅಂಥ ನಾಡಿನ ಪಾಡು. ಹಳಕಟ್ಟಿಯವರು ಅಲ್ಲಿ ಹೆಸರುವಾಸಿಯಾದ ವಕೀಲರಾದರು. ಮುಂದೆ ಸರಕಾರಿ ವಕೀಲರ ಸ್ಥಾನವೂ ಅವರಿಗೆ ದೊರಕಿತು. ಸರಕಾರವು ರಾವಸಾಹೇಬ, ರಾವಬಹದ್ದೂರ ಎಂಬ ಬಿರುದುಗಳನ್ನು ಕೊಟ್ಟಿತು. ಮುಂಬಯಿ ಶಾಸನಸಭೆಯ ಸದಸ್ಯರೂ ಆದರು. ಇನ್ನು ಬಂಗಲೆ, ಗಾಡಿ, ಹೊಲಮನೆಗಳನ್ನು ಮಾಡಿಕೊಂಡು ಸುಖವಾಗಿರುವುದೊಂದೇ ಉಳಿದಿತ್ತು.

ಅವರು ಹಾಗೆ ಮಾಡಲಿಲ್ಲ. ಕಾಯಿದೆಯ ಜ್ಞಾನವನ್ನು ಅವರು ಎರಡು ವಿಧವಾಗಿ ಲೋಕಕ್ಕೆ ಸಲ್ಲಿಸಿದರು. ಮೊದಲನೆಯದು ಸಂಸ್ಥೆಗಳನ್ನು ಕಟ್ಟಿದುದು. 1910ರಲ್ಲಿ ವಿಜಾಪುರ ಜಿಲ್ಲೆಯ ಲಿಂಗಾಯತ ವಿದ್ಯಾವರ್ಧಕ ಸಂಘವು ಸ್ಥಾಪಿತವಾದುದು ಇವರ ಪ್ರಯತ್ನದಿಂದಲೇ. ಸಹಕಾರಿ ಸಂಘಗಳ ಕಾಯಿದೆಯು 1904ರಲ್ಲಿ ಜಾರಿಗೆ ಬಂದು 1912ರಲ್ಲಿ ವಿಸ್ತಾರಗೊಂಡಿತಷ್ಟೆ. ಅದೇ 1912ರಲ್ಲಿ ಇವರು ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಆರಂಭಿಸಿದರು. ಸಾವುಕಾರನ ಬಡ್ಡಿಗೆ ಸಿಕ್ಕವನನ್ನು ನ್ಯಾಯಾಲಯದಲ್ಲಿ ಉಳಿಸುವುದು ಒಂದು ಬಗೆಯಾದರೆ, ಅವನು ಆ ಬಡ್ಡಿಗೆ ಸಿಕ್ಕದಂತೆ ಮಾಡುವುದು ಇನ್ನೊಂದು ಬಗೆಯು. ಎರಡನೆಯದರಲ್ಲಿ ವಕೀಲನಿಗೆ ಆದಾಯವಿಲ್ಲ. ಜನರಿಗೆ ಮಾತ್ರ ಹಿತವಿದೆ.

ಎರಡನೆಯದು ವಚನಗಳ ಉದ್ಧಾರವು. ವಕೀಲಿಯ ಆರಂಭದ ದಿನಗಳಲ್ಲಿಯೇ ಶರಣರ ತಾಡವೋಲೆಗಳು ಇವರ ಕಣ್ಣಿಗೆ ಬಿದ್ದವು. ಆಗ ಅವು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದುವೇ ಹೊರತು ಓದಿಸಿಕೊಳ್ಳುತ್ತಿದ್ದುದು ವಿರಳ. ಗೆದ್ದಲು ತಿಂದವು ಕೆಲವು, ಅಟ್ಟದ ಹೊಗೆಗೆ ಮುರಿದುಹೋದವು ಹಲವು. ಹಳಕಟ್ಟಿಯವರು ಊರೂರು ತಿರುಗಿ ಇವನ್ನು ಬೇಡಿ ತಂದರು. ಓಲೆಯಲ್ಲಿ ಪದಗಳ ನಡುವೆ ತೆರಪಿಲ್ಲ. ಒಂದು ಪ್ರತಿಯ ಪಾಠ ಇನ್ನೊಂದರಲ್ಲಿಲ್ಲ. ಒಬ್ಬ ಶರಣರ ಅಂಕಿತವು ಮತ್ತೊಬ್ಬರ ವಚನಕ್ಕೆ ತಗುಲಿರುವುದೂ ಉಂಟು. ಸಾಕ್ಷಿಗಳು ಒಬ್ಬರಿಗೊಬ್ಬರು ವಿರುದ್ಧವಾಗಿ ನುಡಿದಾಗ ನಿಜವನ್ನು ತೂಗಿ ನೋಡುವ ಅಭ್ಯಾಸವುಳ್ಳ ವಕೀಲನಿಗೆ ಇದು ಹೊಸದಲ್ಲ.

ಹೀಗೆ ಸಿದ್ಧವಾದ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿದರು. ಅದು ಅಚ್ಚಾಗದೆ ಹಿಂದಿರುಗಿತು. ಕೊನೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅದು ಬೆಳಕು ಕಂಡಿತು. ಅದರಲ್ಲಿ ವಚನಗಳನ್ನು ವಿಷಯಾನುಸಾರವಾಗಿ ವಿಂಗಡಿಸಿರುವರು. ಕಾಯಿದೆಯ ಗ್ರಂಥದಲ್ಲಿ ಪ್ರಕರಣ ಪ್ರಕರಣವಾಗಿ ವಿಧಿಗಳನ್ನು ಹುಡುಕಿಕೊಳ್ಳುವಂತೆ, ಶರಣರ ಮತವನ್ನು ಇಲ್ಲಿ ಹುಡುಕಿಕೊಳ್ಳಬಹುದು. ಚದುರಿದ ಮಾತುಗಳೆಂದು ಪಂಡಿತರು ತಿಳಿದಿದ್ದುದನ್ನು ಶಾಸ್ತ್ರವೆಂದು ಕರೆದು, ಶಾಸ್ತ್ರದ ಕ್ರಮದಲ್ಲಿ ನಿಲ್ಲಿಸಿ ತೋರಿಸಿದುದು ಇವರ ಹಿರಿಮೆಯು.

ಪರರ ಮುದ್ರಣಾಲಯವನ್ನು ನಂಬಿದರೆ ಕೆಲಸ ಸಾಗದೆಂದು ಕಂಡು, ಇದ್ದ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವವೆಂಬ ಪತ್ರಿಕೆಯನ್ನೂ 1927ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆಯನ್ನೂ ಹೊರಡಿಸಿದರು. ಮೊದಲು ಸುಮಾರು 50 ವಚನಕಾರರ ಹೆಸರುಗಳು ಮಾತ್ರ ತಿಳಿದಿದ್ದವು. ಇವರ ಶೋಧದಿಂದ ಆ ಸಂಖ್ಯೆಯು ಸುಮಾರು 250ಕ್ಕೆ ಏರಿತು. ಹರಿಹರನ ರಗಳೆಗಳನ್ನೂ ಇವರು ಪ್ರಕಟಿಸಿದರು. ಈ ಸೇವೆಯನ್ನು ಮನ್ನಿಸಿ ನಾಡು 1926ರ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ಇವರಿಗೆ ವಹಿಸಿತು. ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಜನರು ವಚನಪಿತಾಮಹರೆಂದು ಕರೆದರು.

ಆದರೆ ಪದವಿ ಬಿರುದುಗಳಿಂದ ಮನೆಯ ಒಲೆ ಉರಿಯಲಿಲ್ಲ. ವಕೀಲಿಯ ಗಳಿಕೆಯೆಲ್ಲವೂ ಕಾಗದ, ಶಾಯಿ, ಅಚ್ಚಿನ ಮೊಳೆಗಳಿಗೆ ಸಂದಿತು. ಪತ್ನಿ ಭಾಗೀರಥಿಯವರು ಸಂಸಾರದ ಬಡತನವನ್ನು ಹೊತ್ತರು. ತಾವೇ ಹುಟ್ಟುಹಾಕಿದ ಬ್ಯಾಂಕೂ ವಿದ್ಯಾಸಂಸ್ಥೆಯೂ ಬೆಳೆಯುತ್ತಿರಲು, ಕಟ್ಟಿದವರು ಬಾಡಿಗೆಯ ಮನೆಯಲ್ಲಿದ್ದರು. ಇದನ್ನು ನೆನೆದರೆ ಸಮಾಜವು ತನ್ನ ಸೇವಕರನ್ನು ಸಕಾಲದಲ್ಲಿ ನೋಡಿಕೊಂಡಿತೇ ಎಂಬ ಪ್ರಶ್ನೆಯು ಏಳದೆ ಇರದು. 1964ನೆಯ ಇಸವಿ ಜೂನ್ 29ರಂದು ಹಳಕಟ್ಟಿಯವರು ಲಿಂಗೈಕ್ಯರಾದರು.

ಇಂದು ಬೆಂಗಳೂರಿನ ಜಯನಗರ ಬನಶಂಕರಿಗಳಲ್ಲಿ ವಾಸಿಸುವ ಭಕ್ತನು ವಚನಗಳ ಸಂಪುಟವನ್ನು ಅಂಗಡಿಯಲ್ಲಿ ಕೊಂಡು ಮನೆಗೆ ತರುವನು. ಅದರ ಹಿಂದೆ ಒಬ್ಬ ವಕೀಲರು ಮಾರಿದ ಮನೆಯಿದೆಯೆಂಬುದು ಅವನ ನೆನಪಿನಲ್ಲಿರಲಿ. ಮಠದ ಆಶ್ರಯದಲ್ಲಿ ಓದಿ ನ್ಯಾಯಶಾಸ್ತ್ರದ ಹಾದಿಯನ್ನು ಹಿಡಿದಿರುವ ತರುಣರಿಗೂ ಈ ಚರಿತ್ರವು ದಾರಿದೀಪವು. ಕಕ್ಷಿಗಾರನಿಂದ ಪಡೆದುದನ್ನು ದಾಸೋಹಕ್ಕೆ ಸಲ್ಲಿಸಿದರೆ ಕರಿಯ ಕೋಟೂ ಶರಣನ ವೇಷವೇ ಆಗುವುದೆಂಬುದನ್ನು ಹಳಕಟ್ಟಿಯವರು ಬಾಳಿ ತೋರಿಸಿರುವರು. ಅಂಥ ಬುದ್ಧಿಯನ್ನು ಶ್ರೀ ಗುರುವು ಎಲ್ಲರಿಗೂ ಕರುಣಿಸಲಿ.